ಗೋಲಾದ ಮೇಲೆ ಯಾರೂ ಹೊರಗಿನವರಲ್ಲ

೧೪, ಫೌಂಡ್ರಿ ಬೀದಿ
೨೨ ಏಪ್ರಿಲ್ ೨೦೨೧, ಗುರುವಾರ

ಪ್ರೀತಿಯ ಹೇಜಲ್,

ಈಸ್ಟರ್‌ಗೆ ನೀನು ಕಳಿಸಿದ ಚಪ್ಪಲಿ ಕಾಲಿಗೆ ಸರಿಯಾಗಿದೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಭಾನುವಾರದಿಂದ ಬರೆದದ್ದನ್ನೆಲ್ಲ ಹರಿದುಹಾಕುತ್ತಿದ್ದೆ. ಅಷ್ಟು ಸಿಟ್ಟು.

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಲಂಡನ್ ಕಚೇರಿಯಲ್ಲೇ ಕೂತಿರುವ ನಿನಗೆ ನಾನೇನು ಸುದ್ದಿ ಹೇಳುವುದು? ಆದರೂ ಹೇಳುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡರೆ ಹುಣ್ಣಾಗುತ್ತದೆ. ನಮ್ಮದೂ ಸೇರಿ ಇಂಗ್ಲೆಂಡಿನ ಆರು, ಸ್ಪೇನ್ ಇಟಲಿಗಳ ಆರು ದೊಡ್ಡ ಕ್ಲಬ್ಬುಗಳು ಸೇರಿ ತಮ್ಮದೇ ಲೀಗು ಕಟ್ಟುತ್ತಾರಂತೆ. ಕಟ್ಟಿದವರು ಎಷ್ಟು ಸೋತರೂ ಹೊರಬೀಳುವಂತಿಲ್ಲವಂತೆ. ನಾವು ಕೆಳಗಿನ ದರ್ಜೆಗೆ ಇಳಿದ ವರ್ಷ ನೆನಪಿದೆಯಾ? ಹೆಸರೇ ಕೇಳದ ಊರುಗಳಿಗೆ ಬಸ್ಸಿನಲ್ಲಿ ಹೋಗಿ, ತಣ್ಣಗಾದ ಪೈ ತಿಂದು, ಸೋತು ಬರುತ್ತಿದ್ದೆವು. ಆ ವರ್ಷ ಅತ್ತಿದ್ದಕ್ಕೇ ಮರುವರ್ಷದ ಗೆಲುವು ನಮ್ಮದು ಅನಿಸಿತು. ಬೀಳುವ ಭಯವೇ ಇಲ್ಲದವರ ಗೆಲುವಿಗೆ ನಾನೇಕೆ ಗಂಟಲು ಹರಿದುಕೊಳ್ಳಲಿ?

ಸೋಮವಾರ ಕ್ರೀಡಾಂಗಣದ ಗೇಟಿಗೆ ಹೋದೆ. ಕೊರೊನಾ ಬಂದಾಗಿನಿಂದ ಒಳಗೆ ಕಾಲಿಟ್ಟಿಲ್ಲ. ಆಟ ಶುರುವಾಗುತ್ತಲೇ ನಮ್ಮ ಸಾಲಿಗೆಲ್ಲ ಪೆಪ್ಪರ್‌ಮಿಂಟ್ ದಾಟಿಸುವ ನೋರಾ ಅಲ್ಲಿದ್ದಳು. ಎಂಬತ್ತಾಗಿದೆ, ಆದರೂ ಹಳೆಯ ಬೆಡ್‌ಶೀಟಿನ ಮೇಲೆ ‘ಮಾರಾಟಕ್ಕಿಲ್ಲ’ ಎಂದು ಬರೆದು ಹೊತ್ತು ತಂದಿದ್ದಳು. ನಿನ್ನನ್ನೂ ವಿಚಾರಿಸಿದಳು. ಜನ ತಮ್ಮ ಸ್ಕಾರ್ಫುಗಳನ್ನು ಗೇಟಿಗೆ ಕಟ್ಟುತ್ತಿದ್ದರು, ಆಟಗಾರ ಯಾರಾದರೂ ತೀರಿಕೊಂಡಾಗ ಕಟ್ಟುವ ಹಾಗೆ. ನಿಮ್ಮಮ್ಮ ಹೆಣೆದದ್ದನ್ನು ನಾನೂ ಕಟ್ಟಿ ಬಂದೆ.

ಕ್ಲಬ್ಬು ಹೊರಡಿಸಿದ ಹೇಳಿಕೆಯನ್ನು ನೋರಾ ಫೋನು ನೋಡಿಕೊಂಡು ಗಟ್ಟಿಯಾಗಿ ಓದಿದಳು. ನಮ್ಮನ್ನು ಹೊಗಳಿದ್ದೇ ಹೊಗಳಿದ್ದು. ಕೊನೆಯ ಸಾಲು ಕೇಳು: ‘ಗೋಲಾದ ಮೇಲೆ ಈ ಸಾಲಿನಲ್ಲಿ ಯಾರೂ ಹೊರಗಿನವರಲ್ಲ.’

“ವಿಲ್ಫ್, ಒಳಗಿಂದ ಚಿಲಕ ಹಾಕ್ಕೊಂಡು, ಹೊರಗೆ ನಿಂತೋರಿಗೆ ನೀವು ನಮ್ಮೋರೇ ಅಂತಾರಲ್ಲ,” ಎಂದಳು ನೋರಾ. “ಇದನ್ನ ಬರ್ದೋರು ಕೈಗೆ ಸಿಕ್ರೆ ಕಿವಿ ಹಿಂಡ್ತೀನಿ ನೋಡು.”

ನಾನು ಅವಳು ಕೊಟ್ಟ ಪೆಪ್ಪರ್‌ಮಿಂಟಿನ ಕಾಗದ ಬಿಡಿಸಿ ಬಾಯಿಗೆ ಹಾಕಿಕೊಂಡೆ.

ಎರಡೇ ದಿನಕ್ಕೆ ಎಲ್ಲ ಮುರಿದುಬಿತ್ತು. ನಾಚಿಕೆಗೆಟ್ಟವರು, ಏನೂ ಆಗಿಲ್ಲವೆಂಬಂತೆ ಹಿಂದೆ ಸರಿದರು. ನಮ್ಮ ಬೀದಿಯಲ್ಲಿ ಕಾರುಗಳ ಹಾರ್ನೋ ಹಾರ್ನು. ಪಕ್ಕದ ಮನೆಯವರು ಬಿಯರ್ ತಂದುಕೊಟ್ಟರು. ಅದು ಇನ್ನೂ ಮುಚ್ಚಳ ತೆಗೆಯದೆ ಮೇಜಿನ ಮೇಲಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸರದಿ ಬಂದ ಕೂಡಲೇ ಲಸಿಕೆ ಹಾಕಿಸಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ವಿಲ್ಫ್

ಮರೆತ ವಿಷಯ: ಬರೆಯಲು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಕ್ಲಬ್ಬಿನ ಹೇಳಿಕೆಯ ಆ ಕೊನೆಯ ಸಾಲು ನನ್ನದು. ನಿನಗಾಗ ಏಳು ವರ್ಷ. ಗೋಲಾದ ಖುಷಿಗೆ ಪಕ್ಕದಲ್ಲಿದ್ದ ಹೆಂಗಸು ನಿನ್ನನ್ನು ಎತ್ತಿ ಮುದ್ದಾಡಿದಳು, ನೀನು ಹೆದರಿ ಅತ್ತೆ. ಆಗ ನಿನ್ನ ಕಿವಿಯಲ್ಲಿ ಹೇಳಿದ ಮಾತು ಅದು. ಆ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿಸಿರಲಾರದು. ಸಂಬಳ ಕೊಡುವವರು ಬರೆ ಎಂದರೆ ಬರೆಯಬೇಕು, ಅದು ನನಗೂ ಗೊತ್ತು. ಅದೊಂದು ಮಾತನ್ನು ಬಿಡಬಹುದಿತ್ತು, ಮಗಳೇ.

ನನ್ನ ಪಕ್ಕದ ಸೀಟು ಈಗಲೂ ನಿನ್ನ ಹೆಸರಿನಲ್ಲೇ ಇದೆ. ಗೇಟು ತೆರೆದ ದಿನ ಬಾ. ಅಂದು ನಿನ್ನನ್ನು ಎತ್ತಿಕೊಂಡವಳು ನೋರಾ. ಹೇಳಿಕೆ ಬರೆದವರು ಯಾರೆಂದು ಅವಳಿಗೆ ನಾನು ಹೇಳಿಲ್ಲ. ನೀನೇ ಬಂದು ಹೇಳು.