ಅತ್ತೆಯ ಬೀರುವಿನ ಬಾಗಿಲು

ಫೆಬ್ರವರಿ ೯, ಭಾನುವಾರ

ಬೆಳಗಿನಿಂದ ಉಜ್ಜಿದ್ದೇ ಉಜ್ಜಿದ್ದು. ಮೂರು ಸ್ಯಾಂಡ್ ಪೇಪರ್ ಸವೆದು ಹೋದವು. ಬೀರುವಿನ ಬಾಗಿಲ ಹಳೇ ಪಾಲಿಶ್ ಜಪ್ಪಯ್ಯ ಅಂದರೂ ಬಿಡುತ್ತಿಲ್ಲ. ಮೂಗಿನ ತುಂಬ ನುಸಿಗುಳಿಗೆಯ ವಾಸನೆ. ಅತ್ತೆ ತೀರಿಕೊಂಡು ನಾಲ್ಕು ತಿಂಗಳಾಯಿತು, ಅವರ ಬೀರುವಿನ ವಾಸನೆ ಇನ್ನೂ ಹೋಗಿಲ್ಲ. ಮಗಳಿಗೆ ಕೆಮ್ಮು ಬಂದರೆ? ಈ ಪುಡಿ ಶ್ವಾಸಕೋಶಕ್ಕೆ ಇಳಿದರೆ?

ಹೆಂಡತಿಯನ್ನು ಕೇಳಿದೆ.

"ಚಿಂತೆ ಮಾಡೋಕೂ ಸಂಬಳ ಕೊಡೋ ಹಾಗಿದ್ರೆ ನೀವು ಇಷ್ಟೊತ್ತಿಗೆ ಬಂಗಲೆ ಕಟ್ಟಿರ್ತಿದ್ರಿ. ಉಜ್ರೀ ಸುಮ್ನೆ."

ಉಜ್ಜಿದೆ.

ಮಗಳು ನಾಲ್ಕನೇ ಕ್ಲಾಸು. ಇಲಿಮರಿ ಅಂತ ಕರೆದು ಕರೆದು ಶಾಲೆಯಲ್ಲೂ ಅದೇ ಆಗಿದೆ. ಮೊಣಕಾಲ ಮೇಲೆ ಪುಸ್ತಕ ಇಟ್ಟು ಬರೆಯುತ್ತಾಳೆ. ಅಕ್ಷರ ಎಲ್ಲ ಏಳುತ್ತಾ ಬೀಳುತ್ತಾ ಹೋಗುತ್ತವೆ. ನಾನೂ ಹಾಗೇ ಬರೆದವನು, ಏಳನೇ ಕ್ಲಾಸಿಗೆ ನಿಂತೆ. ಮೇಜಿಲ್ಲ ಅಂತ ನಿಂತದ್ದಲ್ಲ, ಅಪ್ಪ ಹಾಸಿಗೆ ಹಿಡಿದರು. ಆದರೂ... ಇವಳಿಗೆ ಒಂದು ಮೇಜು ಆಗಬೇಕು. ಅಂಗಡಿಯದ್ದು ಈ ಮನೆಯಲ್ಲಿ ಹಿಡಿಸುವುದಿಲ್ಲ. ಎರಡು ಕೋಣೆ, ಒಂದು ಕಿಟಕಿ. ಕಿಟಕಿಯ ಕೆಳಗಿನ ಜಾಗ ಎರಡೂಮುಕ್ಕಾಲು ಅಡಿ. ಬೀರುವಿನ ಬಾಗಿಲು ಎರಡೂವರೆ. ಹೇಳಿ ಮಾಡಿಸಿದ ಹಾಗೆ.

ಅತ್ತೆಯ ಮನೆ ಖಾಲಿ ಮಾಡುವ ದಿನ ಭಾವ, ಅಂದರೆ ಹೆಂಡತಿಯ ಅಣ್ಣ, ಹೇಳಿದ ಮಾತು ಕಿವಿಯಲ್ಲೇ ಇದೆ. "ಗುಜರಿಯವನೂ ಮೂಸಿ ನೋಡಲ್ಲ ಇದನ್ನೆಲ್ಲ. ಬೇಕಾದ್ರೆ ಹೊತ್ಕೊಂಡು ಹೋಗಿ, ಬೇಡಾಂದ್ರೆ ಸೌದೆ ಮಾಡಿ." ಬೀರು, ಮಂಚ, ಟ್ರಂಕು. ತಳ್ಳುಗಾಡಿಯಲ್ಲಿ ಮೂರು ಸಲ ಓಡಾಡಿ ತಂದೆ. ಭಾವ ಕಾರಿನಲ್ಲಿ ಕೂತು ನೋಡುತ್ತಿದ್ದರು.

ಫೆಬ್ರವರಿ ೧೧, ಊಟದ ಬಿಡುವು

ಲಾಂಡ್ರಿಯಲ್ಲಿ ಇವತ್ತು ಹೋಟೆಲಿನ ಹಾಸಿಗೆ ಬಟ್ಟೆ, ಮುನ್ನೂರ ಹತ್ತು ಪೀಸು. ಎಲ್ಲದರ ಮೂಲೆಗೂ ಗುರುತು ಹಾಕುವುದು ನನ್ನ ಕೆಲಸ. ಹನ್ನೆರಡು ವರ್ಷದಿಂದ ಇದೇ. ಒಗೆದವನು ಯಾರು, ಇಸ್ತ್ರಿ ಮಾಡಿದವನು ಯಾರು ಅಂತ ಬಟ್ಟೆ ಮೇಲೆ ಯಾರೂ ಬರೆಯುವುದಿಲ್ಲ. ಯಾರದ್ದು ಅಂತ ಮಾತ್ರ ಬರೆಯಬೇಕು. ಗುರುತಿಲ್ಲದ ಬಟ್ಟೆ ಕಳೆದ ಬಟ್ಟೆ.

ಮನೆಯಲ್ಲೂ ಕೈ ಸುಮ್ಮನಿರುವುದಿಲ್ಲ. ಬಿಚ್ಚಿದ ಹಲಗೆಗಳು ಬೇರೆ ಹಲಗೆಗಳ ಜೊತೆ ಕಲಸಿಹೋದಾವು ಎಂದು ಭಯ. ಎಲ್ಲದರ ಹಿಂದೆ ಲಾಂಡ್ರಿ ಶಾಯಿಯಲ್ಲಿ 'ಅತ್ತೆ' ಎಂದು ಬರೆದೆ. ಬಾಗಿಲ ಹಿಂದೆ, ಮಂಚದ ಕಾಲುಗಳಿಗೆ, ಟ್ರಂಕಿನ ತಳಕ್ಕೆ. ಬರೆದ ಮೇಲೆ ಸಮಾಧಾನ ಆಯಿತು. ಅಪರೂಪ.

ಫೆಬ್ರವರಿ ೧೭, ಸೋಮವಾರ

ಮಂಚದ ಹಲಗೆಗಳಿಂದ ಬೆಂಚು ಮಾಡಿದೆ. ಎದುರು ಸಾಲಿನ ಬಡಗಿ ಗರಗಸ ಕೇಳಲು ಬಂದವನು (ಅವನದ್ದೇ ಗರಗಸ, ಹತ್ತು ದಿನದಿಂದ ನನ್ನ ಹತ್ತಿರ) ಬೆಂಚನ್ನು ಸುತ್ತು ಹಾಕಿ ನೋಡಿದ.

"ಏನಣ್ಣ ಇದು, ಬೆಂಚೋ ಆಗ ತಾನೇ ಹುಟ್ಟಿದ ಕರುವೋ? ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗ್ತಾ ಇದ್ಯಲ್ಲ."

"ಬಿದ್ದುಹೋಗುತ್ತಾ?"

"ಬೀಳಲ್ಲ. ನಿನ್ನ ಹಾಗೆ, ನಡುಗ್ತಾ ನಿಂತಿರುತ್ತೆ."

ಕೂತು ಒಂದು ಗಂಟೆ ತೋರಿಸಿಕೊಟ್ಟ. ಮೂಲೆಗೆ ಅಡ್ಡಪಟ್ಟಿ ಕೊಡಬೇಕಂತೆ. ಕೊಟ್ಟೆ. ಈಗ ನಡುಗುವುದಿಲ್ಲ. ಬೆಂಚು.

ಫೆಬ್ರವರಿ ೨೦, ಗುರುವಾರ. ರಾತ್ರಿ ೧೦

ಮೇಜು ಆಯಿತು!

ಕಿಟಕಿಯ ಕೆಳಗೆ ಕೂತಿದೆ, ಅಲ್ಲೇ ಬೆಳೆದ ಹಾಗೆ. ಕೋಣೆಯೊಳಗೇ ಜೋಡಿಸಿದ್ದು. ಬೀರುವಿನ ಸಣ್ಣ ಡ್ರಾಯರ್ ಬಲಗಡೆ. ಎಡಗಡೆ ಸ್ಕೂಲ್ ಬ್ಯಾಗಿಗೆ ಒಂದು ಕೊಕ್ಕೆ. ಬೀಗದ ತೂತಿಗೆ ಪೆನ್ಸಿಲ್ ಸಿಕ್ಕಿಸಿ ಇಲಿಮರಿ ಕುಣಿದಳು. ಟ್ರಂಕಿಗೆ ನೀಲಿ ಬಣ್ಣ ಹೊಡೆದು ಮೆತ್ತೆ ಹಾಕಿದ್ದೇವೆ, ಒಳಗೆ ಚಳಿಬಟ್ಟೆ, ಮೇಲೆ ಕೂರಬಹುದು. ತೂತುಬಿದ್ದ ಜರಡಿ ಬಲ್ಬಿಗೆ ಟೋಪಿ ಆಗಿದೆ, ಗೋಡೆಯೆಲ್ಲ ಚುಕ್ಕಿ ಚುಕ್ಕಿ ಬೆಳಕು. ಪರದೆ ಹೆಂಡತಿಯ ಕೈಯದ್ದು. ಅತ್ತೆಯ ಹಳೇ ಬಟ್ಟೆಗಳ ಚೂರು, ಒಂದೊಂದು ಚೂರಿಗೂ ಅವಳ ಹತ್ತಿರ ಒಂದೊಂದು ಕಥೆ. ಕೊನೇ ನಾಲ್ಕು ವರ್ಷ ದಿನಾ ಅತ್ತೆಯ ಮನೆಗೆ ಹೋಗಿ ಅವರನ್ನು ಎತ್ತಿದ್ದು, ಇಳಿಸಿದ್ದು, ತೊಳೆದದ್ದು ಇವಳೇ. ಭಾವ ತಿಂಗಳಿಗೊಮ್ಮೆ ಹಣ್ಣು ತರುತ್ತಿದ್ದರು.

ಹೆಂಡತಿ ಬಾಗಿಲಲ್ಲಿ ನಿಂತು ತುಂಬ ಹೊತ್ತು ನೋಡಿದಳು. "ರೀ, ಇದು ನಮ್ಮನೆ ಥರಾನೇ ಇಲ್ಲ" ಎಂದಳು. ಸ್ವಲ್ಪ ಬಿಟ್ಟು, "ಅಲ್ಲ, ಈಗ್ಲೇ ನಮ್ಮನೆ ಥರ ಇರೋದು."

ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿಬಿಟ್ಟಳು. ಬೇಡ ಅಂದೆ. ಏನೋ ಒಂದು, ಬೇಡ ಅನ್ನಿಸಿತು.

ಫೆಬ್ರವರಿ ೨೧

ಇಡೀ ದಿನ ಗ್ರೂಪಲ್ಲಿ ಯಾರೂ ಉಸಿರೆತ್ತಲಿಲ್ಲ. ಸಂಜೆ ಭಾವನ ಹೆಂಡತಿಯಿಂದ ಒಂದೇ ಸಾಲು — "ತುಂಬಾ ಚೆನ್ನಾಗಿದೆ. ಇದು ನಮ್ಮತ್ತೆ ಬೀರು ಅಲ್ವಾ?"

ಆ 'ಅಲ್ವಾ' ಯಾಕೆ? ಬೀರು ಅಂತ ಗೊತ್ತಿದೆ. ಗೊತ್ತಿದ್ದೂ ಕೇಳುವುದು ಯಾಕೆ?

"ನಿಮಗೆ ಹಗ್ಗ ಕಂಡರೂ ಹಾವು" ಎಂದಳು ಹೆಂಡತಿ. ಉತ್ತರಕ್ಕೆ ಒಂದು ಹೂವಿನ ಚಿತ್ರ ಕಳಿಸಿದಳು.

ಫೆಬ್ರವರಿ ೨೬, ಬುಧವಾರ

ಭಾವ ಫೋನ್ ಮಾಡಿದ್ದರು. ಭಾನುವಾರ ಬರುತ್ತಾರಂತೆ, ಗಂಡ ಹೆಂಡತಿ ಇಬ್ಬರೂ. ನಾವು ಈ ಮನೆಗೆ ಬಂದು ಒಂಬತ್ತು ವರ್ಷ, ಒಂದು ಸಲವೂ ಕಾಲಿಟ್ಟವರಲ್ಲ. "ಅಮ್ಮನ ನೆನಪಾಯ್ತು" ಅಂದರಂತೆ. ಹೆಂಡತಿಗೆ ಕಣ್ಣಲ್ಲಿ ನೀರು.

ನನಗೆ ಹಲಗೆಗಳ ಹಿಂದೆ ಬರೆದದ್ದು ನೆನಪಾಯಿತು. ಬೆಂಚು ಮಗುಚಿ ಉಜ್ಜಿದೆ. ಲಾಂಡ್ರಿ ಶಾಯಿ, ಬ್ಲೀಚಿಗೇ ಬಗ್ಗುವುದಿಲ್ಲ, ನನ್ನ ಉಜ್ಜುವಿಕೆಗೆ ಬಗ್ಗುತ್ತದಾ. ಮರದ ಒಳಗೇ ಇಳಿದಿದೆ. ಅಂಗೈಯಗಲ ಬಿಳಿಚಿಕೊಂಡಿತು, ಅದರ ನಡುವೆ 'ಅತ್ತೆ' ಇನ್ನೂ ಎದ್ದು ಕಂಡಿತು. ಗಾಯಕ್ಕೆ ಕನ್ನಡಿ ಹಿಡಿದ ಹಾಗೆ.

ಉಜ್ಜಿದರೆ ಕಳ್ಳ. ಬಿಟ್ಟರೆ ಪೆದ್ದ. ಬಿಟ್ಟೆ.

ಮಾರ್ಚ್ ೨, ಭಾನುವಾರ. ಸಂಜೆ

ಬಂದರು. ಭಾವ ಒಳಗೆ ಬರುವಾಗ ತಲೆ ಬಗ್ಗಿಸಿದರು, ಬಾಗಿಲು ಅಷ್ಟು ಗಿಡ್ಡವೇನಲ್ಲ.

"ಏನ್ರೀ ಇಂಜಿನಿಯರೇ! ಫ್ಯಾಕ್ಟರಿ ಜೋರಾಗಿ ನಡೀತಾ ಇದೆ."

ನಕ್ಕೆ. ಅವರ ಮುಂದೆ ನನ್ನ ಮುಖ ತಾನೇ ನಗುತ್ತದೆ.

ಭಾವನ ಹೆಂಡತಿ ಕೂರಲಿಲ್ಲ. ಮೇಜಿನ ಮೇಲೆ ಬೆರಳು ಎಳೆದಳು, ಡ್ರಾಯರ್ ತೆಗೆದಳು, ಮುಚ್ಚಿದಳು. "ಎಷ್ಟು ಮುದ್ದಾಗಿದೆ ಕಣೇ. ಈಗೆಲ್ಲ ಇದೇ ಫ್ಯಾಶನ್ನು. ಗೊತ್ತಿಲ್ದೆ ನಾವು ಬಿಟ್ಬಿಟ್ವಿ ನೋಡು."

"ಬಿಟ್ಟಿದ್ದಲ್ಲ ಅತ್ತಿಗೆ, ಎಸೆದಿದ್ರಿ" ಎಂದಳು ಹೆಂಡತಿ. ನಗುತ್ತಲೇ.

"ಅಯ್ಯೋ, ಆ ದುಃಖದಲ್ಲಿ ಯಾರಿಗೆ ಏನು ತೋಚುತ್ತೆ? ನಿಮ್ಮಣ್ಣ ರಾತ್ರಿಯೆಲ್ಲ ಅಮ್ಮ ಅಮ್ಮ ಅಂತಾರೆ. ಅವರ ಕೈ ಮುಟ್ಟಿದ ಒಂದು ವಸ್ತು ನಮ್ಮನೇಲಿ ಇಲ್ಲ."

ಭಾವ ಬೆಂಚನ್ನು ಒಂದು ಕೈಯಲ್ಲಿ ಮಗುಚಿದರು. ಟೈಲ್ಸ್ ಅಂಗಡಿಯವರು, ಏನು ಕಂಡರೂ ಹಿಂದೆ ತಿರುಗಿಸಿ ನೋಡುವ ಅಭ್ಯಾಸ. ಓದಿದರು. ಆಮೇಲೆ ಬಗ್ಗಿ ಮೇಜಿನ ಕೆಳಗೆ ನೋಡಿದರು.

"ಇದೇನ್ರೀ ಬರೆದಿರೋದು?"

"ಅತ್ತೆ ಅಂತ..."

"ಯಾರ ಅಕ್ಷರ?"

"ನಂದೇ. ಅಭ್ಯಾಸ ಭಾವ, ಲಾಂಡ್ರಿಯಲ್ಲಿ..."

"ಲಾಂಡ್ರಿಯಲ್ಲಿ ಯಾಕೆ ಬರೀತೀರಿ?"

"ಯಾರದ್ದು ಅಂತ ಗೊತ್ತಾಗ್ಲಿ ಅಂತ."

"ಅಷ್ಟೇ" ಎಂದರು ಭಾವ. ದನಿ ಏರಿಸಲಿಲ್ಲ. "ಅವರೇ ಬರೆದಿದ್ದಾರೆ ಯಾರದ್ದು ಅಂತ. ನಾನೇನೂ ಹೊಸದು ಹೇಳ್ತಾ ಇಲ್ಲಪ್ಪ."

ಹೆಂಡತಿ ನನ್ನ ಕಡೆ ನೋಡಿದಳು. ನಾನು ಹೇಳಬೇಕಿತ್ತು. ಸೌದೆ ಮಾಡಿ ಅಂದವರು ಯಾರು ಅಂತ, ಮೂರು ಸಲ ತಳ್ಳಿದ್ದು ಯಾರು ಅಂತ, ನಾಲ್ಕು ವರ್ಷ... ಬಾಯಲ್ಲಿ ನಾಲಿಗೆ ಇತ್ತು. ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿತ್ತು.

"ತಗೊಂಡ್ಹೋಗಿ!" ಎಂದಳು ಹೆಂಡತಿ. "ಎಲ್ಲಾ ತಗೊಂಡ್ಹೋಗಿ. ಪರದೇನೂ ಬಿಚ್ಕೊಳ್ಳಿ, ಅದೂ ಅಮ್ಮನ ಬಟ್ಟೇನೇ. ನಾನೂ ಅಮ್ಮಂದೇ, ನನ್ನೂ ಹೊತ್ಕೊಂಡ್ಹೋಗಿ!"

"ನೋಡು, ನೀನು ಯಾವಾಗ್ಲೂ ಹೀಗೇ" ಎಂದರು ಭಾವ. ಎದ್ದು ಮೇಜು ಎಳೆದರು.

ಬಾಗಿಲಲ್ಲಿ ಹಿಡಿಸಲಿಲ್ಲ. ಅಡ್ಡ ತಿರುಗಿಸಿದರು, ಮಗುಚಿದರು, ಇಲ್ಲ. ಒಳಗೇ ಜೋಡಿಸಿದ್ದಲ್ಲವೇ. ಮೂಲೆ ಗೋಡೆಗೆ ತಾಗಿ ಸುಣ್ಣ ಉದುರಿತು. ನನಗೆ ಆ ಮೂಲೆಯದ್ದೇ ಚಿಂತೆ. ಇನ್ನೊಮ್ಮೆ ತಾಗಿದರೆ ಸೀಳುತ್ತದೆ. ಅಷ್ಟು ಉಜ್ಜಿದ ಮರ, ಸೀಳುತ್ತದೆ...

"ನಿಲ್ಲಿ ಭಾವ. ಬಿಚ್ಚಿಕೊಡ್ತೀನಿ" ಎಂದೆ.

ಹದಿನಾರು ಸ್ಕ್ರೂ. ಒಂದೊಂದೇ ಬಿಚ್ಚಿ ಬಟ್ಟಲಿಗೆ ಹಾಕಿದೆ. ಅವರಿಗೆ ಜೋಡಿಸಲು ಸುಲಭ ಆಗಲಿ ಎಂದು ಹಲಗೆಗಳಿಗೆ ಒಂದು ಎರಡು ಮೂರು ಎಂದು ನಂಬರ್ ಹಾಕಿದೆ. ಇಲಿಮರಿ ಡ್ರಾಯರಿನಿಂದ ತನ್ನ ರಬ್ಬರು, ಸ್ಕೇಲು ತೆಗೆದುಕೊಂಡಳು.

ಬೆಂಚು, ಮೇಜು, ಟ್ರಂಕು. ಜರಡಿ ಕೇಳಿದಾಗ "ಅದು ನಮ್ಮದು" ಎಂದೆ. ಧೈರ್ಯ ಮಾಡಿದ್ದು ಅಷ್ಟಕ್ಕೆ. ತೂತು ಜರಡಿಗೆ.

ಮಾರ್ಚ್ ೩

ಬೆಳಿಗ್ಗೆ ಹೆಂಡತಿ ಒಂದೇ ಮಾತು ಹೇಳಿದಳು. ಬೆನ್ನು ನನ್ನ ಕಡೆ.

"ನಾನು ಸಿಟ್ಟಲ್ಲಿ ತಗೊಂಡ್ಹೋಗಿ ಅಂದೆ. ನೀವು ಸ್ಕ್ರೂಡ್ರೈವರ್ ತಂದ್ರಿ."

ಮಾರ್ಚ್ ೧೯, ಬುಧವಾರ

ಬರೆಯಲು ಏನೂ ಇಲ್ಲ. ಕಿಟಕಿಯ ಕೆಳಗೆ ನೆಲದಲ್ಲಿ ನಾಲ್ಕು ಚುಕ್ಕಿ, ಮೇಜಿನ ಕಾಲಿನವು. ಗುಡಿಸುವಾಗ ಅವಳು ಆ ಜಾಗ ಬಿಟ್ಟು ಗುಡಿಸುತ್ತಾಳೆ.

ನನ್ನ ಜೊತೆ ಮಾತಾಡುತ್ತಾಳೆ. ಊಟ ಆಯ್ತಾ, ಬೀಗ ಹಾಕಿದ್ರಾ. ಮೊದಲು ನನ್ನ ಚಿಂತೆಗಳಿಗೆ ಬೈಯುತ್ತಿದ್ದಳು. ಈಗ "ಹೂಂ" ಅನ್ನುತ್ತಾಳೆ.

ಇವತ್ತು ಬಡಗಿ ಸಿಕ್ಕಿದ್ದ. ಭಾವ ಟೈಲ್ಸ್ ಅಂಗಡಿಯ ಪಕ್ಕದಲ್ಲೇ ಕೆಫೆ ತೆರೆಯುತ್ತಿದ್ದಾರಂತೆ. ಒಳಗೆಲ್ಲ ಹಳೇ ಸಾಮಾನು, ಕೈಯಲ್ಲಿ ಮಾಡಿದ್ದು. ಇವನನ್ನೂ ಕೆಲಸಕ್ಕೆ ಕರೆದಿದ್ದರಂತೆ.

"ಅಲ್ಲಣ್ಣ, ನಿನ್ನ ಕರು ಅಲ್ಲಿ ಕಟ್ಟಿಹಾಕಿದಾರೆ, ನೋಡಿದೆ. ಮಾರಿದ್ಯಾ?"

"ಹೂಂ" ಎಂದೆ. ಮಾರಿದೆ ಅಂದರೆ ಮರ್ಯಾದೆ.

ಏಪ್ರಿಲ್ ೬, ಭಾನುವಾರ

ಕೆಫೆ ಓಪನಿಂಗ್. ಹೋಗದಿದ್ದರೆ ಹೊಟ್ಟೆಕಿಚ್ಚು ಅಂತಾರೆ ಎಂದು ಹೊರಟೆ. ಹೆಂಡತಿ ಬರಲಿಲ್ಲ. ಇಲಿಮರಿಯನ್ನು ಕರೆದುಕೊಂಡು ಹೋದೆ. ತಪ್ಪು ಮಾಡಿದೆ.

ಮೇಜು ಗಾಜಿನ ಹತ್ತಿರ, ಒಳ್ಳೆಯ ಜಾಗದಲ್ಲೇ ಇತ್ತು. ನಾನು ಹಾಕಿದ ನಂಬರಿನ ಪ್ರಕಾರವೇ ಜೋಡಿಸಿದ್ದರು, ಸರಿಯಾಗಿ. ಇಲಿಮರಿ ನೇರ ಹೋಗಿ ಕೂತಳು. ತಟ್ಟೆ ಹಿಡಿದ ಹುಡುಗಿ ಬಂದು, "ಪುಟ್ಟಾ, ಇಲ್ಲಿ ಕಸ್ಟಮರ್ಸ್ ಕೂತ್ಕೋತಾರೆ. ನೀನು ಆ ಸ್ಟೂಲ್ ಮೇಲೆ ಕೂತ್ಕೋ, ಜಾಣೆ" ಎಂದಳು. ಇಲಿಮರಿ ಎದ್ದಳು. ಅವಳ ಬ್ಯಾಗಿಗೆಂದು ಬಡಿದ ಕೊಕ್ಕೆಯಲ್ಲಿ ಯಾರದೋ ಹ್ಯಾಂಡ್‌ಬ್ಯಾಗ್ ತೂಗಾಡಿತು.

ಆ ಹ್ಯಾಂಡ್‌ಬ್ಯಾಗಿನವರು ಮೇಜನ್ನು ತುಂಬಾ ಮೆಚ್ಚಿದರು. "ಯಾರು ಮಾಡಿದ್ದು ಇದು?"

"ನಮ್ಮಮ್ಮನ ಬೀರು ಮೇಡಂ" ಎಂದರು ಭಾವ. ಕಣ್ಣು ಒದ್ದೆ. ಸುಳ್ಳೇನಲ್ಲ, ನಿಜವಾಗಿಯೂ ಒದ್ದೆ. "ಎಸೆಯೋಕೆ ಮನಸ್ಸು ಬರ್ಲಿಲ್ಲ."

"ಅಲ್ಲ, ಕೆಲಸ ಯಾರದ್ದು?"

ಭಾವ ನನ್ನ ಕಡೆ ನೋಡಿದರು. ನಾನು ಎರಡು ಮಾರು ದೂರದಲ್ಲಿ ಕಪ್ಪು ಹಿಡಿದು ನಿಂತಿದ್ದೆ.

"ನಮ್ಮ ಕಡೆಯವರೇ ಒಬ್ರು" ಎಂದರು.

ನಾನು ನಕ್ಕೆ.

ಮಗಳು ದಾರಿಯುದ್ದಕ್ಕೂ ಕೈ ಕೊಡಲಿಲ್ಲ. ಮನೆ ಹತ್ತಿರ ಬಂದ ಮೇಲೆ ಕೇಳಿದಳು, "ಅಪ್ಪಾ, ಅದು ನಂದು ಅಂತ ನೀವು ಯಾಕೆ ಹೇಳ್ಲಿಲ್ಲ?"

ಕೆಫೆಯಲ್ಲಿ ತುಂಬಾ ಗದ್ದಲ ಇತ್ತು ಎಂದೆ.

ಏಪ್ರಿಲ್ ೧೨, ಶನಿವಾರ. ರಾತ್ರಿ ೮

ಭಾವನ ಹೆಂಡತಿ ನಿನ್ನೆಯೇ ಮೆಸೇಜ್ ಹಾಕಿದ್ದಳು. ಮೇಜಿನ ಒಂದು ಕಾಲು ಅಲ್ಲಾಡುತ್ತಿದೆಯಂತೆ. ಇನ್ನೂ ಅಂಥದ್ದೇ ಆರು ಬೇಕಂತೆ, ಎಲ್ಲಿಂದಲೋ ಹಳೇ ಬಾಗಿಲು ತರಿಸಿದ್ದಾರಂತೆ. ನಾಳೆ ಬಿಡುವು ಮಾಡಿಕೊಳ್ಳಬೇಕಂತೆ.

ಇಡೀ ದಿನ ತಯಾರಿ ಮಾಡಿದೆ. ಲಾಂಡ್ರಿಯ ಚೀಟಿಗಳ ಹಿಂದೆ ಬರೆದು ಬರೆದು ನೋಡಿದೆ. "ಭಾವ, ನಾನು ಬರಲ್ಲ." ತುಂಬಾ ಒರಟಾಯಿತು. "ಭಾವ, ಬಂದರೆ ಮಗಳ ಮೇಜು ವಾಪಸ್ ತರೋಕೆ ಬರ್ತೀನಿ." ಇದು ಸರಿ. ಇದನ್ನು ಬಾಯಿಪಾಠ ಮಾಡಿದೆ. ಇಸ್ತ್ರಿ ಮಾಡುವವನ ಮುಂದೆ ಒಂದು ಸಲ ಹೇಳಿಯೂ ನೋಡಿದೆ. "ಜೋರಾಗಿ ಹೇಳು, ಇಸ್ತ್ರಿಪೆಟ್ಟಿಗೆಗೇ ಕೇಳಿಸ್ಲಿಲ್ಲ" ಎಂದ. ಜೋರಾಗಿ ಹೇಳಿದೆ. ಚೆನ್ನಾಗಿ ಬಂತು.

ಈಗ ಅರ್ಧ ಗಂಟೆಯ ಹಿಂದೆ ಫೋನ್ ಬಂತು, ಭಾವನದ್ದು. ಹೆಂಡತಿ ಎತ್ತಲಿಲ್ಲ, ನನ್ನ ಕಡೆ ಸರಿಸಿದಳು. ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿದಳು. ಇಲಿಮರಿ ನೆಲದ ಮೇಲೆ ಬೋರಲು ಮಲಗಿ ಬರೆಯುತ್ತಿದ್ದವಳು ಪೆನ್ಸಿಲ್ ನಿಲ್ಲಿಸಿದಳು.

"ಹೇಳಿ ಭಾವ" ಎಂದೆ.

"ನಾಳೆ ಎಷ್ಟು ಹೊತ್ತಿಗೆ ಬರ್ತೀರಿ?"

ಅವರು ಬರ್ತೀರಾ ಅಂತ ಕೇಳಿದ್ದರೆ ಹೇಳುತ್ತಿದ್ದೆ. ಬಾಯಿಪಾಠ ಇತ್ತು. ಅವರು ಕೇಳಿದ್ದು ಎಷ್ಟು ಹೊತ್ತಿಗೆ ಅಂತ.

"ಹತ್ತಕ್ಕೆ" ಎಂದುಬಿಟ್ಟೆ.

ಇಲಿಮರಿ ಮತ್ತೆ ಬರೆಯತೊಡಗಿದಳು. ಹೆಂಡತಿ ಎದ್ದು ಹೋಗಿ ನನ್ನ ನಾಳೆಯ ಶರಟಿಗೆ ಇಸ್ತ್ರಿ ಮಾಡುತ್ತಿದ್ದಾಳೆ. ಒಂದು ಮಾತು ಬೈದಿದ್ದರೆ ಚೆನ್ನಾಗಿರುತ್ತಿತ್ತು.