ಸುಬೇದಾರರ ಪದಕವೂ ನಮ್ಮೂರ ಬಾವಿಯೂ

ಮಾನ್ಯ ಕಲೆಕ್ಟರ್ ದೊರೆಗಳೇ,

ಮದರಾಸಿನ ಶಾಸನಸಭೆಗೆ ನಿಂತಿರುವ ಸುಬೇದಾರ್ ಅರುಣಾಚಲಂ ಅವರು ಯುದ್ಧ ಕಂಡವರು, ಆದ್ದರಿಂದ ಮಂತ್ರಿಯಾಗಲೂ ತಕ್ಕವರು ಎಂದು ತಾವು ಪಾಲಕ್ಕೋಡಿನಲ್ಲಿ ಹೇಳಿದಿರಿ. ನಮ್ಮನ್ನು ಆಳುವವರ ಬಾಯಿಂದ ಬಂದ ಮಾತು ಬರಿಯ ಮಾತಾಗಿ ಉಳಿಯುತ್ತದೆಯೇ? ಅಪ್ಪಣೆಯಾಗುತ್ತದೆ. ನಾನೂ ಯುದ್ಧ ಕಂಡವನೇ. ಪಲ್ಟಣದ ಹೇಸರಗತ್ತೆಗಳನ್ನು ನಡೆಸಿದವನು. ಅದಕ್ಕೇ ಪತ್ರಿಕೆಯಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ.

ಸುಬೇದಾರರ ಶೌರ್ಯ ಸುಳ್ಳೆಂದರೆ ನನ್ನ ನಾಲಗೆ ಬಿದ್ದುಹೋದೀತು. ಬಸ್ರಾದ ಆಚೆ ಹೊಳೆ ದಾಟುವಾಗ ಗುಂಡು ತಗುಲಿದ ಹೇಸರಗತ್ತೆ ನನ್ನ ಕಾಲ ಮೇಲೆ ಉರುಳಿತು. ಉಳಿದವರೆಲ್ಲ ದಡ ಸೇರಿದ್ದರು. ಇವರೊಬ್ಬರೇ ಗುಂಡುಗಳ ನಡುವೆ ಹಿಂದಿರುಗಿ ಬಂದು, ನನ್ನನ್ನು ಎಳೆದು ಹೆಗಲಿಗೆ ಹಾಕಿಕೊಂಡು ನಡೆದರು.

ಅದೇ ಸುಬೇದಾರರು ಮಾರಂಡಹಳ್ಳಿ ಬಳಿಯ ನಮ್ಮ ಊರಿನ ಪಂಚಾಯ್ತಿಗೆ ಅಧ್ಯಕ್ಷರಾಗಿದ್ದಾಗ ಕಾಲರಾ ಬಂತು. ಬಾವಿ ಮುಚ್ಚಿಸಿದರು. ಸರಿಯೇ. ಆದರೆ ಬೇರೆ ನೀರು? ಪಲ್ಟಣದಲ್ಲಿ ನೀರು ಒದಗಿಸುವುದು ಇನ್ಯಾರೋ ನೋಡಿಕೊಳ್ಳುವ ಕೆಲಸ; ಇವರಿಗೆ ಅದು ಹೊಳೆಯಲೇ ಇಲ್ಲ. ನಮ್ಮಕ್ಕ ಕುಪ್ಪಮ್ಮ ಖಾಲಿ ಕೊಡ ಹಿಡಿದು ಹೋಗಿ ಕೇಳಿದಳು:

“ಬಾವಿ ಬ್ಯಾಡ ಅಂದ್ರಿ, ಸರಿ ಸಾಮಿ. ಕುಡಿಯಾಕೆ ನೀರು ಎಲ್ಲೈತೆ?”

“ಆರ್ಡರ್‌ನಾ ಆರ್ಡರ್‌ದಾನ್ ಅಮ್ಮಾ. ಪೋ.” ಆರ್ಡರ್ ಎಂದರೆ ಆರ್ಡರೇ, ಹೋಗು ಎಂದು ಸುಬೇದಾರರು ತಮಿಳಿನಲ್ಲಿ ಅಂದರು.

“ಓಗ್ತೀನಿ. ಎಲ್ಲಿಗೆ ಓಗ್ಲಿ, ಅದನ್ನೂ ನೀವೇ ಯೋಳಿ.”

ಅಕ್ಕ ಖಾಲಿ ಕೊಡದೊಂದಿಗೇ ಮರಳಿದಳು. ಜನ ಕುರಿ ಇಳಿಯುವ ಕುಂಟೆಯ ನೀರು ಕುಡಿದರು. ಕಾಲರಾ ತಗುಲಿ ಮಲಗಿದ ಭಾವ ದಾಸಪ್ಪ ಮತ್ತೆ ಏಳಲಿಲ್ಲ. ಹೆಣ ಮುಟ್ಟಲು ನೆಂಟರೂ ಹೆದರಿದಾಗ ಸುಬೇದಾರರೇ ಬಂದು ಹೆಗಲು ಕೊಟ್ಟರು. ಅಕ್ಕ ಅಂದಳು, “ಸತ್ತ ಮ್ಯಾಗೆ ಎಗಲ ಮೇಲೆ ಒತ್ಕೊಂಡ್ರಿ. ಒಂದು ಗಾಡಿ ನೀರು ತರ್ಸಿದ್ರೆ ಬದುಕ್ತಿದ್ನಲ್ಲ ಸಾಮಿ?” ಅವರು ನಿಜಕ್ಕೂ ತಿಳಿಯದವರಂತೆ ಅವಳ ಮುಖ ನೋಡಿದರು. ನನಗೆ ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ.

ಸಾವಿಗೆ ಅಂಜದಿರುವುದು ದೊಡ್ಡ ಗುಣ, ದೊರೆಗಳೇ. ಅಂಜುವ ಜನರಿಗೆ ನೀರು, ರಸ್ತೆ, ಆಸ್ಪತ್ರೆ ಒದಗಿಸುವ ಬುದ್ಧಿಯೂ ಅದರ ಜೊತೆಗೇ ಬರುತ್ತದೆಂದು ತಮಗೆ ಯಾರು ಹೇಳಿದರು? ಹಾಗಿದ್ದರೆ ಗುಂಡಿಗೆ ಮೈಯೊಡ್ಡಿದ ನಮ್ಮ ಹೇಸರಗತ್ತೆಗಳಿಗೂ ಒಂದೊಂದು ತಾಲೂಕು ಕೊಡಬಹುದಿತ್ತಲ್ಲ?

ಮಾಜಿ ಸಿಪಾಯಿಯೆಂದು ನನಗೆ ಓಟುಂಟು, ಅಕ್ಕನಿಗಿಲ್ಲ. ಬರುವ ಸೋಮವಾರ ಕಾರಿಮಂಗಲದ ಸಭೆಯಲ್ಲಿ, ತಮ್ಮೆದುರಿಗೆ, ಆ ಹೊಳೆಯ ಸಂಗತಿ ಹೇಳಬೇಕೆಂದು ಸುಬೇದಾರರು ಮನೆಗೇ ಬಂದು ಕರೆದರು. ಆಗದು ಎನ್ನಲು ಬಾಯಿ ಬರಲಿಲ್ಲ. ಹೋಗುತ್ತೇನೆ, ಹೇಳುತ್ತೇನೆ. ಅದು ಸತ್ಯ. ಜನ ಚಪ್ಪಾಳೆ ತಟ್ಟುತ್ತಾರೆ, ಅವರು ಗೆಲ್ಲುತ್ತಾರೆ. ತಡೆಯುವ ಶಕ್ತಿ ನನಗಿಲ್ಲ.

ಶಕ್ತಿ ಇರುವುದು ತಮಗೆ. ನಾನು ಮಾತು ಮುಗಿಸಿ ಕೆಳಗಿಳಿದ ಕೂಡಲೇ ನಮ್ಮಕ್ಕನನ್ನೂ ಅದೇ ವೇದಿಕೆಗೆ ಕರೆಯಿರಿ. ಅವಳು ಮಾತಾಡಿ ಮುಗಿಸುವವರೆಗೆ ಯಾರೂ ಎದ್ದುಹೋಗದಂತೆ ನೋಡಿಕೊಳ್ಳಿ.

ಇಂತಿ,
ಪ್ರಾಣದ ಋಣಕ್ಕೆ ಬಾಯಿ ಕಟ್ಟಿಸಿಕೊಂಡಿರುವ,
ಮಾಜಿ ಸಿಪಾಯಿ ಜವರಪ್ಪ