ಚಿತ್ತಮ್ಮ ನನ್ನ ಕೈಗಿತ್ತ ಕಾಯಿ

ಹಿರಿಯೂರು
17 ಜನವರಿ 2004, ಶನಿವಾರ

ಗೆಳೆಯ ಗಂಗಾಧರಪ್ಪನಿಗೆ ರಂಗಯ್ಯನ ನಮಸ್ಕಾರಗಳು.

ಒಂದೇ ನೂಲಿನ ಗಿರಣಿಯಲ್ಲಿ, ಒಂದು ಗೋಡೆಯ ಆಚೆ ಈಚೆ ಕೂತು ಕೆಲಸ ಮಾಡುವ ನಾವು ಪತ್ರ ಬರೆದುಕೊಳ್ಳುವಂತಾದದ್ದು ವಿಚಿತ್ರವೇ. ಆದರೆ ಎದುರಿಗೆ ನಿಂತರೆ ನೀನು ಏನಾದರೊಂದು ಹೇಳಿ ನಗಿಸಿಬಿಡುತ್ತೀಯ. ನಾನು ಹೇಳಬೇಕಾದದ್ದನ್ನು ಹೇಳದೆಯೇ ಹಿಂತಿರುಗುತ್ತೇನೆ. ಈ ವಾರವೂ ಹಾಗೆಯೇ ಆಯಿತು. ಆದ್ದರಿಂದ ಬರೆಯುತ್ತಿದ್ದೇನೆ. ಸೋಮವಾರ ಚಿತ್ರದುರ್ಗದಲ್ಲಿ ಕಾರ್ಮಿಕ ಅಧಿಕಾರಿಯ ಮುಂದೆ ಚಿತ್ತಮ್ಮನ ಪರವಾಗಿ ಹೇಳಿಕೆ ಕೊಡಲು ನಾನು ಒಪ್ಪಿದ್ದೇನೆ. ಆ ಸಂಗತಿ ಮೊದಲ ಸಲ ನಿನ್ನ ಕಿವಿಗೆ ಬೀಳುವುದು ಅಲ್ಲಿ ಆಗಬಾರದು.

ಗಿರಣಿ ಶುರುವಾದ ವರ್ಷದ ಆಯುಧಪೂಜೆ ನಿನಗೆ ನೆನಪಿರಬೇಕು. ನೂಲನ್ನು ಕೋನಿಗೆ ಸುತ್ತುವ ಕೋನ್ ವೈಂಡಿಂಗ್ ವಿಭಾಗದಲ್ಲಿ ಇದ್ದವರೆಲ್ಲ ಹೆಂಗಸರು. ಯಂತ್ರಗಳಿಗೆ ಕುಂಕುಮ ಹಚ್ಚಿ, ಹೂ ಮುಡಿಸಿ, ಕಾಯಿ ಒಡೆಯಲು ಯಾರಾದರೂ ಗಂಡಸರು ಬರಲಿ ಎಂದು ಕಾಯುತ್ತ ನಿಂತಿದ್ದರು. ನಮ್ಮ ಕಡೆ ಹೆಂಗಸರು ಕಾಯಿ ಒಡೆಯುವುದು ವಾಡಿಕೆಯಲ್ಲ. ವಿದ್ಯುತ್ ಕೆಲಸಕ್ಕೆ ನಾನಿದ್ದಂತೆ ನೀನೂ ಆಗ ಮೇಲ್ವಿಚಾರಕನಾಗಿದ್ದೆ, ಮ್ಯಾನೇಜರ್ ಆಗಿರಲಿಲ್ಲ. "ದಿನಾ ಮಿಷನ್ ಓಡ್ಸೋರು ನೀವು. ಕಾಯಿ ಒಡಿಯಾಕೆ ಇನ್ಯಾರು ಬರ್ಬೇಕವ್ವಾ? ಒಡೀರಿ, ಏನಾರ ಆದ್ರೆ ನನ್ನ ತಲೆ ಮ್ಯಾಲಿರ್ಲಿ" ಎಂದು ನೀನೇ ಹೇಳಿದೆ. ಅಂದಿನಿಂದ, ಯಂತ್ರ ನಡೆಸುವವಳೇ ಅದರ ಮುಂದೆ ಕಾಯಿ ಒಡೆಯುವುದು ನಮ್ಮಲ್ಲಿ ಪದ್ಧತಿಯಾಯಿತು. ನಾನು ನೋಡಿದ ಬೇರೆ ಯಾವ ಗಿರಣಿಯಲ್ಲೂ ಅದಿಲ್ಲ. ಅದನ್ನು ತಂದವನು ನೀನು.

ಆ ಪದ್ಧತಿಗೆ ಇರುವ ಒಂದೇ ವಿನಾಯಿತಿಯೂ ನಿನಗೆ ಗೊತ್ತು. ಬಸುರಿ ಕಾಯಿ ಒಡೆಯುವುದಿಲ್ಲ. ಒಡೆಯುವ ಜಾಗದಲ್ಲಿ ನಿಲ್ಲುವುದೂ ಇಲ್ಲ. ತನ್ನ ಪಾಲಿನ ಕಾಯಿಯನ್ನು ಪಕ್ಕದವರ ಕೈಗಿತ್ತು ಹಿಂದೆ ಸರಿಯುತ್ತಾಳೆ. ಯಾರೂ ಏನೂ ಕೇಳುವುದಿಲ್ಲ. ದೃಷ್ಟಿಯಾದೀತೆಂದು ತಿಂಗಳುಗಟ್ಟಲೆ ಬಾಯಿಬಿಡದ ಸುದ್ದಿ ಹಾಗೆ ಇಡೀ ವಿಭಾಗಕ್ಕೆ ತಿಳಿಯುತ್ತದೆ.

ಕಳೆದ ಅಕ್ಟೋಬರಿನಲ್ಲಿ ಚಿತ್ತಮ್ಮ ತನ್ನ ಕಾಯಿಯನ್ನು ನನ್ನ ಕೈಗಿತ್ತಳು. ಮದುವೆಯಾಗಿ ಬಹಳ ವರ್ಷವಾಗಿದ್ದವಳು. ಒಮ್ಮೆ ಗರ್ಭ ನಿಂತು ಇಳಿದುಹೋಗಿತ್ತು. ಪಕ್ಕದ ಯಂತ್ರದ ಏಕನಾಥಮ್ಮ ಅವಳ ಹಣೆಗೆ ಕುಂಕುಮವಿಟ್ಟು ಕೈಹಿಡಿದು ಬಾಗಿಲಾಚೆ ಕರೆದೊಯ್ದಳು. ನೀನು ಪ್ರಸಾದದ ತಟ್ಟೆಯ ಹತ್ತಿರ ನಿಂತಿದ್ದೆ. "ಏನವ್ವಾ ಚಿತ್ತಮ್ಮ, ಅಂತೂ ರಂಗಯ್ಯನ ಕೈಲಿ ಕೆಲಸ ಮಾಡಿಸ್ದೆ! ನಮಗೆ ಪೇಡೆ ಯಾವಾಗ?" ಎಂದೆ. ಎಲ್ಲರೂ ನಕ್ಕರು. ಅವಳು ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ನಾನು ಕಾಯಿ ಒಡೆದೆ. ಎರಡೂ ಹೋಳು ಅವಳಿಗೇ ಹೋಗಲಿ ಎಂದವನು ನೀನೇ.

ಮುಂದಿನದನ್ನು ನಿನಗೆ ವಿವರಿಸಬೇಕಿಲ್ಲ. ಆದರೂ ಕ್ರಮ ತಪ್ಪದಂತೆ ಬರೆಯುತ್ತೇನೆ, ಸೋಮವಾರ ಹೇಳುವಾಗಲೂ ಇದೇ ಕ್ರಮದಲ್ಲಿ ಹೇಳಬೇಕಾಗಿದೆ. ದಿನವಿಡೀ ನಿಂತು ನೂಲು ಗಂಟು ಹಾಕುವುದು ಅವಳಿಗೆ ಕಷ್ಟವಾಯಿತು. ಪ್ಯಾಕಿಂಗಿನಲ್ಲಿ ಕೂತು ಮಾಡುವ ಕೆಲಸ ಕೇಳಿದಳು, ಸಿಗಲಿಲ್ಲ. ಅವಳ ಯಂತ್ರದ ಉತ್ಪಾದನೆ ಇಳಿಯಿತು. ನವೆಂಬರ್ ಕೊನೆಯಲ್ಲಿ, ಕೆಲಸದಲ್ಲಿ ನಿರ್ಲಕ್ಷ್ಯ ಎಂಬ ಕಾರಣ ಕೊಟ್ಟು ಅವಳನ್ನು ತೆಗೆದುಹಾಕಲಾಯಿತು. ಅವಳು ದೂರು ಕೊಟ್ಟಳು. ಅದಕ್ಕೆ ಗಿರಣಿ ಕೊಟ್ಟ ಉತ್ತರದಲ್ಲಿ, ಆಕೆ ಗರ್ಭಿಣಿಯೆಂಬುದು ಆಡಳಿತಕ್ಕೆ ತಿಳಿದೇ ಇರಲಿಲ್ಲ ಎಂದಿದೆ. ಕೆಳಗೆ ನಿನ್ನ ಸಹಿ ಇದೆ.

ಬಸುರಿಯನ್ನು ಬಸುರಿನ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಆದ್ದರಿಂದಲೇ, ಗೊತ್ತಿರಲಿಲ್ಲ ಎಂಬ ಆ ಒಂದು ವಾಕ್ಯದ ಮೇಲೆ ಇಡೀ ಉತ್ತರ ನಿಂತಿದೆ. ಬರಹದಲ್ಲಿ ಏಕೆ ತಿಳಿಸಲಿಲ್ಲ ಎಂದು ನಾನೇ ಚಿತ್ತಮ್ಮನನ್ನು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅಷ್ಟು ಜನದ ಮುಂದೆ ನಿಮ್ಮ ಕೈಗೆ ಕಾಯಿ ಕೊಟ್ಟೆನಲ್ಲ ಸಾ. ಅದಾದ ಮ್ಯಾಲೆ ಇನ್ನೇನೈತೆ ಹೇಳಾಕೆ? ಗಂಗಾಧರಪ್ಪಾರು ಪೇಡೆ ಕೇಳಿದ್ರಲ್ಲ!" ಎಂದಳು. ಅದು ಅವಳ ತಪ್ಪೆಂದರೆ, ಹದಿಮೂರು ವರ್ಷಗಳಿಂದ ಆ ವಿಭಾಗದಲ್ಲಿ ಎಲ್ಲರೂ ಮಾಡಿಕೊಂಡು ಬಂದ ತಪ್ಪು.

ಅವಳ ಜೊತೆ ದೂರು ಕೊಡಲು ಹೋಗಿದ್ದ ಏಕನಾಥಮ್ಮನನ್ನು ಮರುವಾರವೇ ಹತ್ತಿ ಬಿಡಿಸುವ ಕೋಣೆಗೆ ಹಾಕಿದಿರಿ. ಆ ಧೂಳಿನಲ್ಲಿ ಅವಳ ಉಬ್ಬಸ ಹೆಚ್ಚಾಗಿದೆ. ಈಗ ವಿಭಾಗದಲ್ಲಿ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ. ನಾನು ಫ್ಯೂಸ್ ನೋಡಲು ಹೋದರೂ ತಲೆ ತಗ್ಗಿಸುತ್ತಾರೆ. ದೂರಿನಲ್ಲಿ, ಕಾಯಿ ತೆಗೆದುಕೊಂಡವನೆಂದು ನನ್ನ ಹೆಸರಿರುವುದು ಅವರಿಗೆ ತಿಳಿದಿದೆ.

ನಿನಗೂ ತಿಳಿದಿದೆ. ಕ್ಯಾಂಟೀನಿನಲ್ಲಿ ನನ್ನ ಹೆಗಲ ಮೇಲೆ ಕೈಹಾಕಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಲೇ ರಂಗ, ಸುಮ್ಕಿರಲೇ. ವರ್ಕರ್‌ಗಾದ್ರೆ ಕಾನೂನು ಐತೆ. ನಿನಗೇನೈತಲೇ? ನೀನು ಸೂಪರ್‌ವೈಸರು." ನಾನು ಅಂದಾಜಿನ ಮೇಲೆ ಭಯಪಡುವವನಲ್ಲ. ಚಿತ್ರದುರ್ಗದ ವಕೀಲರೊಬ್ಬರಿಂದ ಕಾರ್ಮಿಕ ವಿವಾದಗಳ ಕಾಯಿದೆಯ ಪುಸ್ತಕ ತಂದು ಓದಿದೆ. ನೀನು ಹೇಳಿದ್ದು ನಿಜ. ವಿವಾದ ನಡೆಯುತ್ತಿರುವಾಗ, ಅದಕ್ಕೆ ಸಂಬಂಧಪಟ್ಟ ಕಾರ್ಮಿಕರನ್ನು ಮಾಲೀಕರು ಮನಬಂದಂತೆ ಶಿಕ್ಷಿಸುವಂತಿಲ್ಲ. ಏಕನಾಥಮ್ಮನಾದರೂ ಅದನ್ನು ಹಿಡಿದು ಕೇಳಬಹುದು. ಆದರೆ ನನ್ನ ಸಂಬಳದ ಮೇಲ್ವಿಚಾರಕ ಆ ಕಾಯಿದೆಯ ಲೆಕ್ಕದಲ್ಲಿ ಕಾರ್ಮಿಕನೇ ಅಲ್ಲ. ಮಂಗಳವಾರ ಬೆಳಿಗ್ಗೆ ನನ್ನನ್ನು ಗೇಟಿನಲ್ಲೇ ತಡೆದರೆ ನನಗೆ ಹೋಗಲು ಹತ್ತಿರದ ಬಾಗಿಲು ಯಾವುದೂ ಇಲ್ಲ. ಅರ್ಥಿಂಗ್ ಇಲ್ಲದ ಯಂತ್ರವನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದು ಹುಡುಗರಿಗೆ ಇಷ್ಟು ವರ್ಷ ಹೇಳಿಕೊಟ್ಟವನು, ಈಗ ನಾನೇ ಮುಟ್ಟಲು ಹೊರಟಿದ್ದೇನೆ.

ಹೆದರಿಕೆಯಿದೆ, ಗಂಗಾಧರ. ಆರಿಸಿದ ಸ್ವಿಚ್ಚನ್ನು ಮತ್ತೆ ಹೋಗಿ ನೋಡುತ್ತೇನೆ. ಗೇಟಿನ ಕಾವಲುಗಾರ ನಮಸ್ಕಾರ ಮಾಡುವುದು ತಡವಾದರೆ ನಾನೇ ಮೊದಲು ಕೈ ಎತ್ತಿಬಿಡುತ್ತೇನೆ. ಐವತ್ತೆರಡನೆಯ ವಯಸ್ಸಿನಲ್ಲಿ ಡಿಪ್ಲೊಮಾ ಸರ್ಟಿಫಿಕೇಟು ಹಿಡಿದು ಯಾರ ಬಾಗಿಲಿಗೆ ಹೋಗಲಿ? ನಾವಿರುವ ಮನೆಯೂ ಗಿರಣಿಯ ಕ್ವಾರ್ಟರ್ಸ್. ನಿನ್ನೆ ನನ್ನಾಕೆ ಅನುಸೂಯ ಅಟ್ಟದ ಮೇಲಿನ ಟ್ರಂಕುಗಳನ್ನು ಇಳಿಸಿ, ಒರೆಸಿ, ಬಿಸಿಲಿಗಿಟ್ಟಳು. "ಧೂಳು ಹಿಡಿದಿದ್ವು, ಅದಕ್ಕೇ" ಎಂದಳು. ಮತ್ತೆ ಅಟ್ಟಕ್ಕೆ ಏರಿಸಿಲ್ಲ.

ನಿನ್ನ ಕಷ್ಟ ನನಗೆ ತಿಳಿಯದ್ದಲ್ಲ. ಆ ವಾಕ್ಯ ಮಾಲೀಕರ ವಕೀಲರದು. ನಿನ್ನ ಪಾಲಿಗೆ ಬಂದದ್ದು ಸಹಿ ಮಾತ್ರ ಇರಬಹುದು. ಆದರೆ ತೊಂಬತ್ತಾರರಲ್ಲಿ ದೊಡ್ಡ ಮೋಟಾರ್ ಸುಟ್ಟಾಗ ಅದನ್ನು ನೋಡಿಕೊಳ್ಳುತ್ತಿದ್ದ ಬೋರಣ್ಣನ ಮೇಲೆ ತಪ್ಪು ಹೊರಿಸಿದ ವರದಿಗೂ ನಿನ್ನ ಸಹಿ ಕೇಳಿದ್ದರು. "ಸುತ್ತಲ ಪಂಪ್‌ಸೆಟ್ಟೆಲ್ಲಾ ಒಟ್ಟಿಗೆ ಓಡಿ ವೋಲ್ಟೇಜ್ ಬಿದ್ರೆ ಬೋರಣ್ಣ ಏನು ಮಾಡ್ಯಾನು? ನಾ ಹಾಕಲ್ರೀ ಸಹಿ" ಎಂದು ನೀನು ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ. ನಾನು ಆ ಗಂಗಾಧರಪ್ಪನಿಗೆ ಈ ಪತ್ರ ಬರೆಯುತ್ತಿದ್ದೇನೆ.

ಇನ್ನೊಂದು ಮಾತನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಮೊನ್ನೆ ಸಂಕ್ರಾಂತಿಯಂದು ಹೊಳಲ್ಕೆರೆಯ ನಿನ್ನ ತೋಟದಲ್ಲಿ ಹೊಸ ಪಂಪಿಗೆ ಪೂಜೆಯಿತ್ತು. ವೈರಿಂಗ್ ನೋಡಿ ಮೋಟಾರ್ ಚಾಲೂ ಮಾಡಲು ನನ್ನನ್ನು ಕರೆದಿದ್ದೆ. ಕಾಯಿ ಕೈಗೆತ್ತಿಕೊಳ್ಳುವ ಹೊತ್ತಿಗೆ ನಿನ್ನ ಪತ್ನಿ ಸರ್ವಮಂಗಳ ನಿಮ್ಮ ಮಗಳನ್ನು ಕರೆದು, "ಸಹನಾ, ನೀನು ಅತ್ಲಾಗೆ ಮನೆತಾಕೆ ಹೋಗವ್ವ, ಕಾಯಿ ಒಡೀತಾರೆ" ಎಂದರು. ಸಹನಾ ಹೋದಳು. ನೀನು ನನ್ನ ಕಡೆ ತಿರುಗಿ ನಕ್ಕೆ. ನಾನೂ ನಕ್ಕೆ. ನನಗೆ ತಿಳಿಯಿತು, ತಿಳಿಯಿತೆಂಬುದು ನಿನಗೂ ತಿಳಿಯಿತು. ಹೊಸದುರ್ಗದ ಶಾಲೆಯಲ್ಲಿ ಕರಿಹಲಗೆಯ ಮುಂದೆ ನಿಂತು ಪಾಠ ಹೇಳುವ ಹುಡುಗಿ ಅವಳು. ನಾಳೆ ಅವಳೂ ಒಂದು ಕುರ್ಚಿ ಕೇಳಬೇಕಾಗಬಹುದು.

ನನ್ನನ್ನು ಕಾಪಾಡು ಎಂದು ನಿನ್ನನ್ನು ಕೇಳುತ್ತಿಲ್ಲ. ನೀನು ಕೊಟ್ಟ ಉತ್ತರದಲ್ಲಿ ಒಂದು ವಾಕ್ಯವಿದೆ. ನಾನು ಬಾಯಿ ತೆರೆಯುವ ಮೊದಲು ನೀನೇ ಅದನ್ನು ಹಿಂತೆಗೆದುಕೊಂಡರೆ ಸಾಕು. ನಿನ್ನ ಮಾತನ್ನು ಸುಳ್ಳು ಎನ್ನುವ ಕೆಲಸ ನನಗೆ ತಪ್ಪುತ್ತದೆ. ತಪ್ಪದಿದ್ದರೆ, ಹೇಳುತ್ತೇನೆ.

ಚಿತ್ರದುರ್ಗಕ್ಕೆ ಕೆಲಸವಿದ್ದಾಗಲೆಲ್ಲ ನಿನ್ನ ಸ್ಕೂಟರಿನ ಹಿಂದೆಯೇ ಕೂತು ಹೋದವನು ನಾನು. ಸೋಮವಾರ ಬೆಳಿಗ್ಗೆ ಕ್ವಾರ್ಟರ್ಸಿನ ಎದುರಿನ ಬೇವಿನ ಮರದ ಕೆಳಗೆ ನಿಂತಿರುತ್ತೇನೆ. ನೀನು ಬಂದರೆ ಜೊತೆಗೆ ಹೋಗೋಣ. ಬಸ್ಸು ಮೊದಲು ಬಂದರೆ ಹತ್ತಿಬಿಡುತ್ತೇನೆ.

ಸಹನಾಳಿಗೆ ಸುಖವಾಗಿ ಹೆರಿಗೆಯಾಗಲಿ. ಚಿತ್ತಮ್ಮನಿಗೂ.

ಇಂತು ನಿನ್ನ,
ರಂಗಯ್ಯ